ಒಂಬತ್ತನೇ ಮಾಡ್ಯೂಲ್ ಹುಟ್ಟಿದ ಕಥೆ

ರಿಪೇರಿಯಾದ ವಿಮಾನವನ್ನು ಪರಿಶೀಲಿಸಿ, ‘ಹಾರಾಟಕ್ಕೆ ಯೋಗ್ಯ’ ಎಂದು ಸಹಿ ಹಾಕಬೇಕಾದರೆ ನಮ್ಮಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಕೊಡುವ ವಿಮಾನ ನಿರ್ವಹಣಾ ಎಂಜಿನಿಯರ್ (ಎಎಂಇ) ಲೈಸೆನ್ಸ್ ಬೇಕು. 1937ರ ವಿಮಾನ ನಿಯಮಾವಳಿಯ 61ನೇ ನಿಯಮ ಅದಕ್ಕೆ ಆಧಾರ. ಮಾಡ್ಯೂಲ್‌ಗಳಾಗಿ ಹಂಚಿದ ಅದರ ಪರೀಕ್ಷೆಯಲ್ಲಿ ಎಂಜಿನ್, ವಿದ್ಯುತ್, ಲೋಹಗಳ ಪಾಠಗಳೇ ಹೆಚ್ಚು. 9ನೇ ಮಾಡ್ಯೂಲ್ ಮಾತ್ರ ಸ್ಪ್ಯಾನರ್ ಹಿಡಿಯುವ ಮನುಷ್ಯನನ್ನು ಕುರಿತದ್ದು. ನಿದ್ದೆ, ದಣಿವು, ದೃಷ್ಟಿ, ಮರೆವು, ಅವಸರ ಎಲ್ಲವೂ ಅಲ್ಲಿ ಪಠ್ಯ.

ಈ ಪಾಠಕ್ಕೆ ದಾರಿ ಮಾಡಿಕೊಟ್ಟ ಅವಘಡಗಳಲ್ಲಿ ಒಂದು ನಡೆದದ್ದು 1990ರ ಜೂನ್ 10ರಂದು. ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನ್‌ಗೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನ 17,300 ಅಡಿ ಎತ್ತರದಲ್ಲಿದ್ದಾಗ ಕಾಕ್‌ಪಿಟ್‌ನ ಎಡಗಡೆಯ ಗಾಜು ಕಿತ್ತುಹೋಯಿತು. ಕ್ಯಾಪ್ಟನ್ ಸೊಂಟದವರೆಗೆ ಹೊರಗೆ ಸೆಳೆದುಹೋದರು. ಸಿಬ್ಬಂದಿ ಅವರನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು, ಸಹಪೈಲಟ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಸೇರಿ ಎಲ್ಲರೂ ಉಳಿದರು.

ಹಾರಾಟಕ್ಕೆ 27 ಗಂಟೆ ಮೊದಲಷ್ಟೇ ಆ ಗಾಜು ಬದಲಾಗಿತ್ತು. ಅದನ್ನು ಹಿಡಿದಿದ್ದ 90 ಬೋಲ್ಟ್‌ಗಳ ಪೈಕಿ 84ರ ವ್ಯಾಸ ಬೇಕಾದದ್ದಕ್ಕಿಂತ ಸುಮಾರು 0.66 ಮಿ.ಮೀ. ಕಡಿಮೆ. ಆ ರಾತ್ರಿ ಆಳು ಸಾಲದೆ ಶಿಫ್ಟ್ ಮ್ಯಾನೇಜರ್ ತಾವೇ ಕೆಲಸಕ್ಕೆ ಇಳಿದಿದ್ದರು. ಹಳೆಯ ಬೋಲ್ಟ್ ಪಕ್ಕದಲ್ಲಿ ಹೊಸದನ್ನಿಟ್ಟು ಕಣ್ಣಳತೆಯಲ್ಲೇ ಆರಿಸಿದರು, ಭಾಗಗಳ ಕ್ಯಾಟಲಾಗ್ ತೆರೆಯಲಿಲ್ಲ. ಬಿಗಿಮಾಡುವಾಗ ಥ್ರೆಡ್ ಜಾರಿದ್ದನ್ನು ಬಿಗಿತ (ಟಾರ್ಕ್) ಸರಿಯಾಯಿತೆಂಬ ‘ಕ್ಲಿಕ್’ ಎಂದುಕೊಂಡರು. ಆ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸಲೇಬೇಕೆಂಬ ನಿಯಮವೂ ಆಗ ಇರಲಿಲ್ಲ.

ಆ ಮ್ಯಾನೇಜರ್ ಕೆಲಸ ಬಲ್ಲ ಅನುಭವಿಯೇ. ಅನುಭವವೊಂದೇ ಸಾಲದು ಎಂಬುದನ್ನು ವಾಯುಯಾನ ಲೋಕ ಒಪ್ಪಿಕೊಳ್ಳಬೇಕಾಯಿತು. 1993ರಲ್ಲಿ ಕೆನಡಾದ ಗಾರ್ಡನ್ ಡುಪಾಂಟ್ ದಣಿವು, ಒತ್ತಡ, ಅತಿಯಾದ ಭರವಸೆ ಮೊದಲಾಗಿ ಮನುಷ್ಯನ ತಪ್ಪುಗಳಿಗೆ 12 ಕಾರಣಗಳನ್ನು ಪಟ್ಟಿಮಾಡಿದರು. 1998ರ ಯುರೋಪಿನ ಲೈಸೆನ್ಸ್ ನಿಯಮಗಳಲ್ಲಿ ಈ ವಿಷಯ ಪ್ರತ್ಯೇಕ ಮಾಡ್ಯೂಲ್ ಆಯಿತು. ಮುಂದೆ ಅದೇ ಮಾದರಿಯ ಸಿಎಆರ್-66 ಎಂಬ ಲೈಸೆನ್ಸ್ ನಿಯಮ ಭಾರತಕ್ಕೂ ಬಂತು.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಈ ಹಾದಿ ಹಿಡಿಯುವವರು ಮಾಡ್ಯೂಲ್‌ಗಳನ್ನು ಪಾಸುಮಾಡಿದರಷ್ಟೇ ಸಾಲದು, ಹ್ಯಾಂಗರ್‌ನಲ್ಲಿ ವರ್ಷಗಟ್ಟಲೆ ದುಡಿದು ಲಾಗ್‌ಬುಕ್ ತುಂಬಿಸಬೇಕು. ಲೈಸೆನ್ಸ್ ಬಂದ ಮೇಲೂ 2 ವರ್ಷಗಳಲ್ಲಿ ಕನಿಷ್ಠ 6 ತಿಂಗಳ ಕೆಲಸ ತೋರಿಸದಿದ್ದರೆ ಸಹಿಯ ಅಧಿಕಾರ ಚಲಾಯಿಸುವಂತಿಲ್ಲ.

ಒಂಬತ್ತನೆಯದು ಸುಲಭದ ಪೇಪರ್ ಎಂದು ಅದನ್ನು ಕೊನೆಗೆ ತಳ್ಳಬೇಡಿ. ‘ಇಂದು ನನ್ನ ಕಣ್ಣು ಎಳೆಯುತ್ತಿದೆ, ಇದನ್ನು ಇನ್ನೊಬ್ಬರು ನೋಡಲಿ’ ಎಂದು ಹೇಳುವ ಧೈರ್ಯ ಬಂದ ದಿನವೇ ನೀವು ಆ ಸಹಿಗೆ ಅರ್ಹರು.