ಕಂಪ್ಯೂಟರ್ ತಾನಾಗೇ ಆಫ್ ಆದರೆ ಹೊಸದೇ ಬೇಕಾ?

ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆ ಕಂಪ್ಯೂಟರ್ ಅರ್ಧ ಗಂಟೆ ಓಡಿ ದಿಢೀರ್ ಅಂತ ಆಫ್ ಆಗುತ್ತಿತ್ತು. ‘ಹಳೇದಾಯ್ತು ಸಾರ್, ಹೊಸದು ತಗೊಳ್ಳಿ’ ಅಂದರು ಅಂಗಡಿಯವರು. ನಾನು ಒಪ್ಪಲಿಲ್ಲ.

ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ, ಸುಟ್ಟುಹೋಗದಿರಲೆಂದು ಕಂಪ್ಯೂಟರ್ ತಾನೇ ನಿಲ್ಲುತ್ತದೆ. ಪ್ಲಗ್ ಕಿತ್ತು, ಫ್ಯಾನಿನ ಧೂಳು ಕೊಡವಿ, ಒಣಗಿದ್ದ ಥರ್ಮಲ್ ಪೇಸ್ಟ್ ಬದಲಿಸಿದೆ, ಕಾಟ ತಪ್ಪಿತು. ತಣ್ಣಗಿದ್ದಾಗಲೂ ಆಫ್ ಆದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ಆ ಡಬ್ಬಿ ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತರೂ ಶಾಕ್ ಹೊಡೆಯಬಹುದು. ಎಸ್.ಪಿ. ರೋಡಿನಲ್ಲಿ ಬೇರೆಯದು ಸಿಗುತ್ತೆ, ಹಾಕಿಸಿ.

ಡೆಸ್ಕ್‌ಟಾಪ್ ಆದ್ದರಿಂದ ಇಷ್ಟು ಸಲೀಸು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಕೂಡ ಬೋರ್ಡಿಗೇ ಬೆಸುಗೆ! ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿಗೆ ಸಮಿತಿ ರಚಿಸಿತು, ಪೋರ್ಟಲ್ಲೂ ತೆರೆಯಿತು. ಬಿಡಿಭಾಗ ಕೊಡಲೇಬೇಕು ಅನ್ನುವ ಪ್ರತ್ಯೇಕ ಕಾನೂನನ್ನು ನಾವಿನ್ನೂ ಕೇಳಿ ಪಡೆಯಬೇಕಿದೆ.