ಎಕ್ಸ್-ರೇ ಚಿತ್ರವನ್ನು ಓದುವ ಗಣಕಯಂತ್ರ

ಜರ್ಮನಿಯ ರಾಂಟ್ಜೆನ್ 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ ಎದೆಯೊಳಗಿನ ರೋಗವನ್ನು ಹೊರಗಿನಿಂದಲೇ ನೋಡುವುದು ಸಾಧ್ಯವಾಯಿತು. ಆದರೆ ಚಿತ್ರವನ್ನು ತೆಗೆಯುವುದು ಒಂದು ಕೆಲಸ. ಅದನ್ನು ಓದುವುದು ಮತ್ತೊಂದು. ಕ್ಷಯದ ಕಲೆಯು ಎಷ್ಟೋ ವೇಳೆ ಪಕ್ಕೆಲುಬಿನ ನೆರಳಿನಲ್ಲಿ ಅಡಗಿರುತ್ತದೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಒಂದೇ ಚಿತ್ರಗಳನ್ನು ಹಲವು ತಜ್ಞರಿಗೆ ತೋರಿಸಿದಾಗ ಅವರಲ್ಲಿ ಒಮ್ಮತ ಮೂಡಲಿಲ್ಲ. ಅದೇ ಚಿತ್ರವನ್ನು ಎರಡನೆಯ ಸಲ ನೋಡಿದ ತಜ್ಞರು ತಮ್ಮ ಮೊದಲಿನ ಅಭಿಪ್ರಾಯಕ್ಕೆ ವಿರುದ್ಧವಾಗಿ ಹೇಳಿದುದೂ ಉಂಟು.

ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಜನರ ಎದೆಯ ಕಿರುಚಿತ್ರಗಳನ್ನು ತೆಗೆದು ಸಮೀಕ್ಷೆ ನಡೆಸಿತು. ಆ ಚಿತ್ರಗಳನ್ನೆಲ್ಲ ಓದಬೇಕಾಗಿದ್ದುದು ಮನುಷ್ಯನ ಕಣ್ಣೇ. ಇಂದು ಕೈಯಲ್ಲಿ ಹಿಡಿಯಬಹುದಾದ ಎಕ್ಸ್-ರೇ ಯಂತ್ರಗಳು ಬಂದಿವೆ. ಅಂತಹ ಯಂತ್ರವನ್ನು ಸ್ಕಂದಗಿರಿಯ ಅಡಿಯ ಕಳವಾರಕ್ಕೂ, ಗೌರಿಬಿದನೂರು, ಚಿಂತಾಮಣಿಗಳ ಹಳ್ಳಿಗಳಿಗೂ ಒಯ್ಯಬಹುದು. ಊರೂರಿಗೂ ತಜ್ಞರನ್ನು ಒಯ್ಯುವುದು ಸಾಧ್ಯವಿಲ್ಲ. ಇಲ್ಲಿ ಗಣಕಯಂತ್ರವು ನೆರವಿಗೆ ಬರುತ್ತದೆ.

ಅದು ಚಿತ್ರವನ್ನು ಓದುವುದು ಹೇಗೆ? ಗಣಕಯಂತ್ರದ ಪಾಲಿಗೆ ಚಿತ್ರವೆಂದರೆ ಲಕ್ಷಾಂತರ ಪುಟ್ಟ ಚೌಕಗಳು. ಒಂದೊಂದು ಚೌಕದ ಬೆಳಕಿಗೂ ಒಂದೊಂದು ಅಂಕಿ. ಅಕ್ಕಪಕ್ಕದ ಅಂಕಿಗಳನ್ನು ಹೋಲಿಸಿ ಅದು ಮೊದಲು ಅಂಚುಗಳನ್ನೂ, ಅಂಚುಗಳಿಂದ ಆಕಾರಗಳನ್ನೂ ಗುರುತಿಸುತ್ತದೆ. ಯಾವ ಆಕಾರ ರೋಗದ್ದೆಂಬ ನಿಯಮವನ್ನು ಯಾರೂ ಬರೆದುಕೊಡುವುದಿಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನೂಲು ಬಿಚ್ಚಾಣಿಕೆದಾರರು ರೇಷ್ಮೆಗೂಡನ್ನು ಕಂಡೊಡನೆ ಅದರ ಗುಣವನ್ನು ಹೇಳುವರಷ್ಟೆ? ಸಾವಿರಾರು ಗೂಡುಗಳನ್ನು ನೋಡಿದ ಅನುಭವವೇ ಅವರ ಗುರು. ಹಾಗೆಯೇ, ರೋಗಿಗಳ ಮತ್ತು ನಿರೋಗಿಗಳ ಅಸಂಖ್ಯ ಚಿತ್ರಗಳನ್ನು ಉತ್ತರಸಹಿತ ತೋರಿಸಿ, ತಪ್ಪಿದಾಗಲೆಲ್ಲ ತನ್ನ ಲೆಕ್ಕವನ್ನು ತಿದ್ದಿಕೊಳ್ಳುವಂತೆ ಯಂತ್ರವನ್ನು ಪಳಗಿಸುತ್ತಾರೆ. ಕೊನೆಗೆ ಅದು ಕೊಡುವುದು ತೀರ್ಪನ್ನಲ್ಲ, ಸಂದೇಹದ ಪ್ರಮಾಣವನ್ನು ಸೂಚಿಸುವ ಒಂದು ಅಂಕವನ್ನು.

ಈ ಭೇದವು ಮುಖ್ಯವಾದುದು. ಶೋಧನೆಯ ಪರೀಕ್ಷೆಯು 100 ರೋಗಿಗಳಲ್ಲಿ ಕಡಮೆಯೆಂದರೆ 90 ಮಂದಿಯನ್ನು ಹಿಡಿಯಬೇಕು, 100 ನಿರೋಗಿಗಳಲ್ಲಿ 70 ಮಂದಿಯನ್ನು ಬಿಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೋಲು. 1000 ಜನರಲ್ಲಿ 10 ಮಂದಿಗೆ ಕ್ಷಯವಿದೆಯೆಂದು ಭಾವಿಸೋಣ. ಯಂತ್ರವು 9 ರೋಗಿಗಳನ್ನು ಹಿಡಿಯುತ್ತದೆ. ಜೊತೆಗೆ 297 ನಿರೋಗಿಗಳನ್ನೂ ಸಂದೇಹಿಸುತ್ತದೆ. ಹಿಂದೆಂದೋ ವಾಸಿಯಾದ ಕ್ಷಯದ ಗುರುತು, ಕಲ್ಲುಪುಡಿಯನ್ನು ಬಹುಕಾಲ ಉಸಿರಾಡಿದವರ ಎದೆಯ ಕಲೆ, ಇವೂ ಅದನ್ನು ಮೋಸಗೊಳಿಸಬಲ್ಲವು. ಆದುದರಿಂದ ಸಂದೇಹಕ್ಕೊಳಗಾದ 306 ಜನರ ಕಫವನ್ನು ಪರೀಕ್ಷಿಸಿಯೇ ರೋಗವನ್ನು ನಿಶ್ಚಯಿಸಬೇಕು. ಆದರೂ ಲಾಭ ಸ್ಪಷ್ಟವಾಗಿದೆ: 1000 ಪರೀಕ್ಷೆಗಳ ಬದಲು 306 ಸಾಕಾಯಿತು.

15 ವರ್ಷ ಮೀರಿದವರ ಕ್ಷಯಶೋಧನೆಯಲ್ಲಿ ಮಾನವ ಓದುಗನ ಸ್ಥಾನದಲ್ಲಿ ಇಂತಹ ಗಣಕವಿಧಾನವನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸಮ್ಮತಿಸಿತು. 2024ರ ಡಿಸೆಂಬರಿನಲ್ಲಿ ಭಾರತವು ಆರಂಭಿಸಿದ 100 ದಿನಗಳ ಕ್ಷಯ ಆಂದೋಲನದಲ್ಲಿಯೂ ಇದರ ಬಳಕೆಯಾಯಿತು.

ಆದರೆ ನಮ್ಮ ಲೆಕ್ಕದಲ್ಲಿ ಯಂತ್ರದ ಕಣ್ಣಿಗೆ ಬೀಳದೆ ಉಳಿದ ಆ ಹತ್ತನೆಯ ರೋಗಿಯನ್ನು ನಾವು ಮರೆಯಲಾಗದು. ಎರಡು ವಾರ ಮೀರಿ ಕೆಮ್ಮುತ್ತಿರುವವರನ್ನು, ಯಂತ್ರವು ಏನನ್ನೇ ಹೇಳಲಿ, ಕಫಪರೀಕ್ಷೆ ಮಾಡದೆ ಮನೆಗೆ ಕಳುಹಿಸಬಾರದು. ಚಿತ್ರವನ್ನು ಯಂತ್ರವು ಓದಲಿ. ರೋಗಿಯ ಮಾತನ್ನು ಕೇಳಬೇಕಾದವರು ವೈದ್ಯರೇ.