ಟೈಲರ್ ಪಟ್ಟಣದ ಶಾಲಾಶುಲ್ಕ
ತೆರಿಗೆಯ ಹಣದ ವಿನಿಯೋಗವನ್ನು ಕುರಿತು ನಾಗರಿಕರು ಚರ್ಚಿಸುವಾಗ, ಅಧಿಕಾರಿಗಳ ವೇತನವನ್ನೂ ದಾಖಲೆಪತ್ರಗಳಿಲ್ಲದ ವಲಸಿಗರ ಮಕ್ಕಳ ವಿದ್ಯೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಅಮೆರಿಕೆಯಲ್ಲಿ ಇಂದಿಗೂ ಉಂಟು; ಆದರೆ ವೇತನವನ್ನು ಮುಂದಿನ ವರ್ಷ ತಿದ್ದಬಹುದು, ಅಕ್ಷರವಿಲ್ಲದೆ ಕಳೆದ ಬಾಲ್ಯವನ್ನು ತಿದ್ದಲಾಗದು. ಟೆಕ್ಸಾಸ್ ರಾಜ್ಯವು 1975ರಲ್ಲಿ ಇಂತಹ ಮಕ್ಕಳಿಗೆ ಅನುದಾನವನ್ನು ನಿಲ್ಲಿಸಿದ ಮೇಲೆ, ಟೈಲರ್ ಪಟ್ಟಣದ ಶಾಲಾಮಂಡಳಿಯು 1977ರಲ್ಲಿ ಮಗುವೊಂದಕ್ಕೆ ವರ್ಷಕ್ಕೆ 1000 ಡಾಲರ್ ಶುಲ್ಕವನ್ನು ವಿಧಿಸಿತು. ಇದರ ವಿರುದ್ಧ ದಾವೆ ಹೂಡಿದ ಕುಟುಂಬಗಳು, ಅಂದೇ ಗಡೀಪಾರಾದರೂ ಆಗಬಹುದೆಂಬ ಭೀತಿಯಿಂದ, ಗಂಟುಮೂಟೆಗಳನ್ನು ಕಾರಿನಲ್ಲಿ ತುಂಬಿಕೊಂಡೇ ಮುಂಜಾನೆ ನ್ಯಾಯಾಲಯಕ್ಕೆ ಬಂದುವು. ತಂದೆತಾಯಿಗಳ ತಪ್ಪಿಗೆ ಮಕ್ಕಳನ್ನು ದಂಡಿಸುವುದು ನ್ಯಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ, ನ್ಯಾಯಮೂರ್ತಿ ಬ್ರೆನನ್ನರ ಲೇಖನಿಯಿಂದ, 5-4 ಮತಗಳಲ್ಲಿ ತೀರ್ಪಿತ್ತಿತು. ಅದೆಷ್ಟು ಕಿರಿದಾದ ಅಂತರ! ಆ ರಕ್ಷಣೆಯೂ ಶಾಲೆಯ ಮಟ್ಟಿಗಷ್ಟೆ. ಕಾಲೇಜು ಶುಲ್ಕದ ವಾದವು ರಾಜ್ಯರಾಜ್ಯಗಳಲ್ಲಿ ಇನ್ನೂ ನಡೆದೇ ಇದೆ.